ನಾದಗ್ರಾಹಿಗಳ ಬಲಾಬಲ: ಗಿಟಾರಿನ ನಿಷ್ಕ್ರಿಯ ಮತ್ತು ಸಕ್ರಿಯ ಪಿಕಪ್ಪುಗಳನ್ನು ಕುರಿತ ವಿಚಾರ

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಅಂಗಕ್ಕೆ ಪಿಕಪ್ ಎಂದು ಹೆಸರು. ತಂತಿಯ ಕೆಳಗೆ ಅಡಗಿ ಕುಳಿತು ಅದರ ನಾದವನ್ನು ಗ್ರಹಿಸುವುದರಿಂದ ಇದನ್ನು ಈ ಲೇಖನದಲ್ಲಿ ನಾದಗ್ರಾಹಿ ಎಂದು ವ್ಯವಹರಿಸುವೆನು. ಇವುಗಳಲ್ಲಿ ಪ್ಯಾಸಿವ್ ಎಂದೂ ಆಕ್ಟಿವ್ ಎಂದೂ ಎರಡು ಜಾತಿಗಳುಂಟು. ಮೊದಲನೆಯದು ಬರಿಯ ಅಯಸ್ಕಾಂತ ಮತ್ತು ತಂತಿಸುರುಳಿಗಳಿಂದಾದುದು. ಎರಡನೆಯದರಲ್ಲಿ ಇವುಗಳೊಡನೆ ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ವರ್ಧಕವೂ ಸೇರಿರುತ್ತದೆ. ಇವುಗಳ ವಿಷಯದಲ್ಲಿ ವಾದಕರ ನಡುವೆ ಎರಡು ಮಾತುಗಳು ರೂಢವಾಗಿವೆ. ಸಕ್ರಿಯವಾದುದು ಹೆಚ್ಚು ಬಲವಾದ ಸದ್ದನ್ನು ಕೊಡುವುದೆಂಬುದು ಒಂದು. ನಿಷ್ಕ್ರಿಯವಾದುದೇ ಜೀವವುಳ್ಳ ನಾದವನ್ನು ಕೊಡುವುದೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಎರಡೂ ಕಾರ್ಯವನ್ನು ಹೇಳಿ ಕಾರಣವನ್ನು ಬಿಟ್ಟಿರುವ ಮಾತುಗಳು. ಕಾರಣವನ್ನು ಅರಿಯದೆ ಕಾರ್ಯವನ್ನು ಮಾತ್ರ ಹಿಡಿದು ಹೊರಟವನು ಅಂಗಡಿಯಲ್ಲಿ ಹಣವನ್ನು ಕಳೆಯುವನಲ್ಲದೆ, ನಮ್ಮ ವೀಣೆಯಂತಹ ವಾದ್ಯಕ್ಕೆ ಇದೇ ವಿದ್ಯೆಯನ್ನು ಅನ್ವಯಿಸುವಾಗ ವಾದ್ಯದ ಗುಣವನ್ನೇ ಕಳೆಯುವನು. ಆದುದರಿಂದ ಈ ವಿಷಯವನ್ನು ಬುಡದಿಂದ ವಿಚಾರಿಸುವುದು ಯುಕ್ತವೆಂದು ತೋರಿತು.

ಮೊದಲು ಹೆಸರುಗಳ ಮಾತು. ಸಂಸ್ಕೃತವನ್ನೂ ಇಂಗ್ಲಿಷನ್ನೂ ಅಷ್ಟಷ್ಟು ಓದಿದ್ದ ಒಬ್ಬ ಯುವಕನು ಆಕ್ಟಿವ್, ಪ್ಯಾಸಿವ್ ಎಂಬುವನ್ನು ನನ್ನೆದುರು ಕರ್ತರಿ, ಕರ್ಮಣಿ ಎಂದು ಭಾಷಾಂತರಿಸಿ ಗೆದ್ದವನಂತೆ ನಕ್ಕನು. ವ್ಯಾಕರಣದ ತರಗತಿಯಲ್ಲಿ ಅದು ಸರಿಯೇ, ಗಿಟಾರಿನಲ್ಲಿ ಸರಿಯಲ್ಲ. ನಿಷ್ಕ್ರಿಯವೆಂಬ ಶಬ್ದವೂ ಒಂದು ವಿಧದಲ್ಲಿ ಮೋಸಗೊಳಿಸತಕ್ಕದ್ದೇ ಆಗಿದೆ. ವಿದ್ಯುತ್ತನ್ನು ಹುಟ್ಟಿಸುವ ಕ್ರಿಯೆಯೇನೋ ಆ ಸುರುಳಿಯಲ್ಲಿಯೇ ನಡೆಯುತ್ತದೆ. ಅದು ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಹೊರಗಿನ ವಿದ್ಯುಚ್ಛಕ್ತಿಯ ಸಹಾಯವನ್ನು ಬೇಡುವುದಿಲ್ಲವೆಂಬಷ್ಟೇ ಇಲ್ಲಿಯ ಅರ್ಥ. ಸಹಾಯನಿರಪೇಕ್ಷ, ಸಹಾಯಸಾಪೇಕ್ಷ ಎಂದರೆ ಅರ್ಥವು ನಿಖರವಾದೀತು. ಆದರೆ ನಾಲಗೆಗೆ ಭಾರ. ರೂಢಿಯು ಯೋಗಕ್ಕಿಂತ ಬಲವಾದುದೆಂಬ ನ್ಯಾಯವನ್ನು ಒಪ್ಪಿ ನಿಷ್ಕ್ರಿಯ, ಸಕ್ರಿಯ ಎಂಬ ಪದಗಳನ್ನೇ ಉಳಿಸಿಕೊಂಡಿದ್ದೇನೆ.

ಅಯಸ್ಕಾಂತದ ಸನ್ನಿಧಿಯಲ್ಲಿ ಬದಲಾವಣೆಯುಂಟಾದರೆ ಹತ್ತಿರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ಯಾರಡೆಯು 1831ರಲ್ಲಿ ತೋರಿಸಿದನು. ಉಕ್ಕಿನ ತಂತಿಯೊಂದು ಅಯಸ್ಕಾಂತದ ಮೇಲೆ ಕಂಪಿಸಿದರೆ ಅದೇ ಬದಲಾವಣೆಯು ಕಂಪನದ ಲಯದಲ್ಲಿಯೇ ಉಂಟಾಗುತ್ತದೆ. ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತೂ ಅದೇ ಲಯದ್ದು. ಅಮೆರಿಕದಲ್ಲಿ ಜಾರ್ಜ್ ಬೋಷಾಂಪ್ ಎಂಬವನು 1931ರ ಸುಮಾರಿಗೆ ಈ ತತ್ತ್ವವನ್ನು ಗಿಟಾರಿಗೆ ಹೊಂದಿಸಿದನು. ರಿಕನ್‌ಬ್ಯಾಕರ್ ಹೆಸರಿನಲ್ಲಿ ಆ ವಾದ್ಯವು ಮಾರಾಟಕ್ಕೆ ಬಂದಿತು. ಅದರ ಏಕಸ್ವಾಮ್ಯಪತ್ರವು 1937ರಲ್ಲಿ ದೊರೆಯಿತು. ಒಂಟಿ ಸುರುಳಿಯ ನಾದಗ್ರಾಹಿಯು ತಂತಿಯ ನಾದದೊಡನೆ ಮನೆಯ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಗ್ರಹಿಸುವುದರಿಂದ, ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಎಂಬ ತಜ್ಞನು ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತಧ್ರುವಗಳನ್ನೂ ವಿರುದ್ಧವಾಗಿಟ್ಟನು. ಹೊರಗಿನ ಗದ್ದಲವು ಎರಡು ಸುರುಳಿಗಳಲ್ಲಿ ಪರಸ್ಪರ ವಿರೋಧಿಯಾಗಿ ಹುಟ್ಟಿ ಅಳಿಯುತ್ತದೆ. ತಂತಿಯ ನಾದವು ಮಾತ್ರ ಎರಡು ಬಾರಿ ವಿಪರ್ಯಾಸಗೊಂಡು ಅನುಕೂಲವಾಗಿ ಕೂಡಿಕೊಳ್ಳುತ್ತದೆ. ಇದಕ್ಕಾಗಿ 1955ರಲ್ಲಿ ಸಲ್ಲಿಸಿದ ಅರ್ಜಿಗೆ 1959ರಲ್ಲಿ ಏಕಸ್ವಾಮ್ಯಪತ್ರವು ಬಂದಿತು. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಷ್ಕ್ರಿಯ ಜಾತಿಯದೇ.

ಈಗ ಪ್ರಕೃತ ವಿಷಯದ ಮರ್ಮಕ್ಕೆ ಬರೋಣ. ಸುರುಳಿಯಲ್ಲಿ ತಂತಿಯ ಸುತ್ತುಗಳು ಹೆಚ್ಚಿದಷ್ಟೂ ಹುಟ್ಟುವ ವಿದ್ಯುತ್ತಿನ ಒತ್ತಡವು ಹೆಚ್ಚುವುದು. ಸುತ್ತುಗಳನ್ನು ಇಮ್ಮಡಿಸಿದರೆ ಒತ್ತಡವೂ ಇಮ್ಮಡಿ. ಆದರೆ ಸುರುಳಿಗೆ ಪ್ರೇರಕತ್ವವೆಂಬ ಇನ್ನೊಂದು ಗುಣವಿದೆ. ವಿದ್ಯುತ್ತಿನ ಹರಿವು ಬೇಗಬೇಗ ಬದಲಾಗುವುದನ್ನು ಅದು ತಡೆಯುತ್ತದೆ. ಇದರ ಮಾನವು ಹೆನ್ರಿ. ಸುತ್ತುಗಳು ಇಮ್ಮಡಿಯಾದರೆ ಪ್ರೇರಕತ್ವವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಬಲವನ್ನು ಕೊಳ್ಳಹೋದವನು ತಡೆಯನ್ನು ಅದರ ವರ್ಗಪ್ರಮಾಣದಲ್ಲಿ ಕೊಳ್ಳಬೇಕಾಗುತ್ತದೆ ಎಂದರ್ಥ.

ಈ ತಡೆಯು ನಾದಗುಣದ ಮೇಲೆ ಹೇಗೆ ಪರಿಣಮಿಸುವುದು? ಗಿಟಾರಿನಿಂದ ವರ್ಧಕಕ್ಕೆ ಹೋಗುವ ಕೇಬಲ್ಲಿಗೆ ವಿದ್ಯುತ್ತನ್ನು ಸ್ವಲ್ಪ ತನ್ನಲ್ಲಿ ಹಿಡಿದಿಡುವ ಸ್ವಭಾವವುಂಟು. ಇದಕ್ಕೆ ಧಾರಕತ್ವವೆಂದು ಹೆಸರು. ಸಾಧಾರಣವಾದ ಕೇಬಲ್ಲಿನಲ್ಲಿ ಇದು ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸಿನಲ್ಲಿರುತ್ತದೆ. ಸುರುಳಿಯ ಪ್ರೇರಕತ್ವವೂ ಕೇಬಲ್ಲಿನ ಧಾರಕತ್ವವೂ ಕೂಡಿದಾಗ ಉಯ್ಯಾಲೆಯಂತೆ ತಮಗೆ ಪ್ರಿಯವಾದ ಒಂದು ಕಂಪನಸಂಖ್ಯೆಯನ್ನು ಪಡೆಯುತ್ತವೆ. ಆ ಸಂಖ್ಯೆಯ ಸುತ್ತಲಿನ ಉಪಸ್ವರಗಳು ಉಬ್ಬಿ ಕೇಳಿಸುತ್ತವೆ. ಅದಕ್ಕಿಂತ ಮೇಲಿನವು ಬೇಗನೆ ಕುಗ್ಗಿಹೋಗುತ್ತವೆ. ಗಿಟಾರಿನ ನಾದಕ್ಕೆ ಗಾಜಿನಂತಹ ಹೊಳಪು, ಜೇನಿನಂತಹ ಗಾಢತೆ ಎಂದೆಲ್ಲ ವಾದಕರು ಕೊಡುವ ವಿಶೇಷಣಗಳು ಬಹುಮಟ್ಟಿಗೆ ಈ ಉಬ್ಬು ಎಲ್ಲಿದೆ, ಎಷ್ಟು ಎತ್ತರವಾಗಿದೆ ಎಂಬುದನ್ನೇ ಅವಲಂಬಿಸಿವೆ.

ಉದಾಹರಣೆಗೆ ಲೆಕ್ಕಮಾಡಿ ನೋಡೋಣ. ಒಂಟಿ ಸುರುಳಿಯ ನಾದಗ್ರಾಹಿಯ ಪ್ರೇರಕತ್ವವು 2.3 ಹೆನ್ರಿಯೆಂದೂ, ಸುರುಳಿಯ ಸ್ವಂತ ಧಾರಕತ್ವವು 100 ಪಿಕೋಫ್ಯಾರಡ್ ಎಂದೂ ಇಟ್ಟುಕೊಂಡರೆ, 5 ಮೀಟರ್ ಕೇಬಲ್ಲಿನೊಡನೆ ಉಬ್ಬು 4,280 ಹರ್ಟ್ಸ್ ಬಳಿ ಬೀಳುತ್ತದೆ. ಕೇಬಲ್ಲನ್ನು 10 ಮೀಟರಿಗೆ ಬೆಳೆಸಿದರೆ 3,160ಕ್ಕೆ ಇಳಿಯುತ್ತದೆ. ಜೋಡಿ ಸುರುಳಿಯ ನಾದಗ್ರಾಹಿಗೆ 4.4 ಹೆನ್ರಿಯಾದರೆ 5 ಮೀಟರಿನಲ್ಲಿ 3,100, 10 ಮೀಟರಿನಲ್ಲಿ 2,290. ಮೊದಲನೆಯದಕ್ಕೆ ಉದ್ದ ಕೇಬಲ್ ಕಟ್ಟಿದರೆ ಎರಡನೆಯದು ಗಿಡ್ಡ ಕೇಬಲ್ಲಿನೊಡನೆ ಇರುವಲ್ಲಿಗೇ ಅದರ ಉಬ್ಬು ಬಂದು ನಿಂತಿತೆಂಬುದನ್ನು ವಾಚಕರು ಗಮನಿಸಬೇಕು. ಇದರಿಂದ ಎರಡೂ ಒಂದೇ ನಾದವಾಗಿಬಿಡುವುದೆಂದು ತಿಳಿಯಬಾರದು. ಬೇರೆ ಭೇದಗಳು ಉಳಿದೇ ಇರುತ್ತವೆ. ಆದರೆ ನಾದಗ್ರಾಹಿಯದೆಂದು ನಾವು ಹೊಗಳುವ ಅಥವಾ ತೆಗಳುವ ಗುಣದಲ್ಲಿ ಎಷ್ಟು ಭಾಗವು ಕೇಬಲ್ಲಿನದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸ್ಫಟಿಕದ ಬಳಿ ದಾಸವಾಳವನ್ನಿಟ್ಟಾಗ ಕಾಣುವ ಕೆಂಪು ಸ್ಫಟಿಕದ್ದಲ್ಲ, ಉಪಾಧಿಯದು ಎಂದು ನಮ್ಮ ಶಾಸ್ತ್ರಕಾರರು ಹೇಳುವರಷ್ಟೆ. ನಿಷ್ಕ್ರಿಯ ನಾದಗ್ರಾಹಿಯು ಅಂತಹ ಸ್ಫಟಿಕ.

ದೊಡ್ಡನೆಕ್ಕುಂದಿಯಲ್ಲಿ ಈಗ ಮನೆಗಳ ಮೇಲಂತಸ್ತುಗಳಲ್ಲೆಲ್ಲ ವರ್ತುಲ ರಸ್ತೆಯ ಕಚೇರಿಗಳಿಗೆ ಹೋಗುವ ಯುವಕರು ಬಾಡಿಗೆಗಿರುವರು. ಇವರಲ್ಲಿ ಸಂಜೆ ಗಿಟಾರು ನುಡಿಸುವವರು ಹಲವರು. ನೆರೆಮನೆಯ ಅಂತಹ ಇಬ್ಬರ ಬಳಿ ಎರಡು ಜಾತಿಯ ವಾದ್ಯಗಳೂ ಇದ್ದುದರಿಂದ ಮೇಲಿನ ಲೆಕ್ಕವನ್ನು ಕಿವಿಯಿಂದ ಪರೀಕ್ಷಿಸುವ ಅವಕಾಶವು ನನಗೆ ಒದಗಿತು. ಒಂದೇ ವರ್ಧಕಕ್ಕೆ ಮೊದಲು ಮೂರು ಮೀಟರಿನ, ಅನಂತರ ಹತ್ತು ಮೀಟರಿನ ಕೇಬಲ್ಲನ್ನು ಜೋಡಿಸಿ ಎರಡು ವಾದ್ಯಗಳಲ್ಲಿಯೂ ಒಂದೇ ಸ್ವರಸಂಚಾರವನ್ನು ನುಡಿಸಿದರು. ನಾನು ಬೆನ್ನು ತಿರುಗಿಸಿ ಕುಳಿತಿದ್ದೆನು. ನಿಷ್ಕ್ರಿಯ ವಾದ್ಯದಲ್ಲಿ ಉದ್ದ ಕೇಬಲ್ ಬಂದ ಕೂಡಲೆ ಮೀಟಿನ ಮೊನೆಯು ಮೊಂಡಾದುದು ಪ್ರತಿ ಸಲವೂ ತಿಳಿಯಿತು. ಸಕ್ರಿಯ ವಾದ್ಯದಲ್ಲಿ ಯಾವ ಕೇಬಲ್ ಇದೆಯೆಂದು ಹೇಳಲು ನನ್ನಿಂದಾಗಲಿಲ್ಲ, ನುಡಿಸಿದವರಿಂದಲೂ ಆಗಲಿಲ್ಲ.

ಕಾರಣವು ಹೀಗೆ. ಸಕ್ರಿಯ ನಾದಗ್ರಾಹಿಯಲ್ಲಿ ಸುರುಳಿಯು ನೇರವಾಗಿ ಕೇಬಲ್ಲನ್ನು ನೋಡುವುದೇ ಇಲ್ಲ. ಸುರುಳಿಗೂ ಕೇಬಲ್ಲಿಗೂ ನಡುವೆ, ನಾದಗ್ರಾಹಿಯ ಗೂಡಿನೊಳಗೆಯೇ, ವರ್ಧಕವು ಕುಳಿತಿರುತ್ತದೆ. ಸುರುಳಿಯು ಹೊತ್ತುಕೊಳ್ಳಬೇಕಾಗಿದ್ದ ಹೊರೆಯನ್ನು ಈ ಮಧ್ಯವರ್ತಿಯು ಹೊರುತ್ತದೆ. ಇಂತಹವುಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ಇಎಂಜಿ ಎಂಬ ಹೆಸರಿನವು. ಕ್ಯಾಲಿಫೋರ್ನಿಯದ ರಾಬ್ ಟರ್ನರ್ ಎಂಬವರು 1976ರಲ್ಲಿ ಈ ಉದ್ಯಮವನ್ನು ಆರಂಭಿಸಿದರು. ಅವರ 81ನೆಯ ಸಂಖ್ಯೆಯ ನಾದಗ್ರಾಹಿಯ ಹೊರಬಾಗಿಲಿನ ಪ್ರತಿರೋಧವು 10,000 ಓಮ್. ಇದಕ್ಕೆ 10 ಮೀಟರ್ ಕೇಬಲ್ಲನ್ನು ಕಟ್ಟಿದರೆ ಕುಗ್ಗುವಿಕೆಯು ಆರಂಭವಾಗುವುದು 15,900 ಹರ್ಟ್ಸ್ ಬಳಿ. ಗಿಟಾರಿಗೆ ಬಳಸುವ ಧ್ವನಿವರ್ಧಕದ ತಟ್ಟೆಯೇ 5,000ದಿಂದ 6,000ದ ಮೇಲೆ ಹೆಚ್ಚು ನುಡಿಯುವುದಿಲ್ಲವಾದುದರಿಂದ ಆ ನಷ್ಟವು ಯಾರ ಕಿವಿಗೂ ಬೀಳದು.

ನಮ್ಮ ಊರಿನ ಮಗ್ಗುಲಿಗೇ ಸಿ. ವಿ. ರಾಮನ್ ನಗರವಿದೆ. ಅಲ್ಲಿ ರೇಡಾರುಗಳನ್ನು ರೂಪಿಸುವ ಸರಕಾರದ ಸಂಶೋಧನಾಲಯವಿರುವುದು ಎಲ್ಲರಿಗೂ ತಿಳಿದ ಸಂಗತಿ. ದೂರದಿಂದ ಮರಳಿ ಬರುವ ಅತಿ ಕ್ಷೀಣವಾದ ಅಲೆಯನ್ನು ಹಿಡಿಯುವ ಯಂತ್ರಗಳಲ್ಲಿ ಮೊದಲ ವರ್ಧಕವನ್ನು ಆದಷ್ಟೂ ಆಂಟೆನಾದ ಬಳಿಯಲ್ಲಿಯೇ ಇಡುವುದು ಆ ವಿದ್ಯೆಯಲ್ಲಿ ಸಾಮಾನ್ಯ ನಿಯಮ. ದಾರಿಯಲ್ಲಿ ಸೋರಿಹೋದುದನ್ನು ಕೊನೆಯಲ್ಲಿ ಎಷ್ಟು ವರ್ಧಿಸಿದರೂ ಮರಳಿ ಪಡೆಯಲಾಗದು. ಸಕ್ರಿಯ ನಾದಗ್ರಾಹಿಯ ತತ್ತ್ವವು ಇದಕ್ಕಿಂತ ಬೇರೆಯಲ್ಲ.

ಇನ್ನು ಬಲದ ವಿಚಾರ. ಸಕ್ರಿಯವಾದುದು ಬಲವಾದುದೆಂಬ ಮಾತಿಗೆ ವಿರುದ್ಧವಾಗಿ ಮೊದಲು ಹೇಳತಕ್ಕದ್ದೇನೆಂದರೆ, ಅದರ ಸುರುಳಿಯು ಸಾಮಾನ್ಯವಾಗಿ ನಿಷ್ಕ್ರಿಯದ ಸುರುಳಿಗಿಂತ ದುರ್ಬಲವೇ ಆಗಿರುತ್ತದೆ. ಬಲವನ್ನು ವರ್ಧಕವು ಕೊಡುವುದೆಂದು ಗೊತ್ತಿರುವುದರಿಂದ ತಯಾರಕನು ಸುತ್ತುಗಳನ್ನು ಕಡಮೆಮಾಡಬಹುದು, ತಂತಿಯನ್ನು ಎಳೆಯುವ ಅಯಸ್ಕಾಂತವನ್ನೂ ಮೃದುವಾಗಿಡಬಹುದು. ಬಲವಾದ ಅಯಸ್ಕಾಂತವು ತಂತಿಗೆ ತೀರ ಸಮೀಪವಾದರೆ ತಂತಿಯ ಸ್ವಚ್ಛಂದ ಕಂಪನವೇ ಕೆಟ್ಟು, ಸ್ವರವು ಕರ್ಕಶವಾಗಿ ತೊಳಲುವುದುಂಟು. ಈ ದೋಷದಿಂದ ಪಾರಾಗುವುದೇ ಸಕ್ರಿಯದ ದೊಡ್ಡ ಲಾಭವೆಂದು ನನ್ನ ಮತ. ಅಂಗಡಿಗಳಲ್ಲಿ ಮಾತ್ರ ಇದನ್ನು ಯಾರೂ ಹೇಳುವುದಿಲ್ಲ. ಎರಡನೆಯದಾಗಿ, ನಿಷ್ಕ್ರಿಯಗಳಲ್ಲಿಯೂ ಅತಿಬಲರುಂಟು. 1972ರಲ್ಲಿ ಡಿಮಾರ್ಜಿಯೋ ಎಂಬವರು ಹೊರತಂದ ಸೂಪರ್ ಡಿಸ್ಟಾರ್ಷನ್ ಎಂಬುದರ ಬಲವನ್ನು ತಯಾರಕರು 425 ಮಿಲಿವೋಲ್ಟ್ ಎಂದು ಕೊಟ್ಟಿರುವರು. ವರ್ಧಕವನ್ನು ಒದರುವಂತೆ ಮಾಡಲು ಅದು ಧಾರಾಳವಾಗಿ ಸಾಕು. ಬೇರೆ ಬೇರೆ ತಯಾರಕರು ಕೊಡುವ ಇಂತಹ ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಮಾತ್ರ ತರವಲ್ಲ. ಒಬ್ಬರು ಒಂದು ತಂತಿಯನ್ನು ಮೀಟಿ ಅಳೆಯುವರು, ಮತ್ತೊಬ್ಬರು ಆರನ್ನೂ ಬಾರಿಸಿ ಅಳೆಯುವರು. ಒಬ್ಬರದು ಸರಾಸರಿ, ಮತ್ತೊಬ್ಬರದು ಶಿಖರ.

ಆದ ಕಾರಣ ಭೇದವನ್ನು ಹೀಗೆ ಹೇಳಬೇಕು: ನಿಷ್ಕ್ರಿಯದಲ್ಲಿ ಬಲವೂ ನಾದಗುಣವೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, ಒಂದನ್ನು ಮುಂದಕ್ಕೆ ಹೊಡೆದರೆ ಇನ್ನೊಂದು ವಾರೆಯಾಗುವುದು. ಸಕ್ರಿಯದಲ್ಲಿ ನೊಗವನ್ನು ಬಿಚ್ಚಿದೆ. ಸುರುಳಿಯನ್ನು ನಾದಗುಣಕ್ಕಾಗಿಯೇ ಸುತ್ತಬಹುದು, ಬಲವನ್ನು ಬೇರೆಯಾಗಿ ಗೊತ್ತುಮಾಡಬಹುದು.

ಬಲಕ್ಕಾಗಿ ನಾದಗುಣದಲ್ಲಿ ಬೆಲೆ ತೆರಬೇಕಾದ ಈ ಕಷ್ಟವು ವಿದ್ಯುತ್ತಿನೊಡನೆಯೇ ಹುಟ್ಟಿದ್ದಲ್ಲ. ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲು ಕೇಳಿಸಬೇಕೆಂದು ನಾಲ್ಕು ತಂತಿಗಳ ವಾದ್ಯವನ್ನು ಏಳು ತಂತಿಗಳದಾಗಿ ಮಾಡಿಕೊಂಡರು. ಮೇಲಿನ ತಂತಿಗಳಿಗೆ ಕೆಳಸ್ಥಾಯಿಯ ಜೊತೆತಂತಿಗಳು ಸೇರಿ ಬಿಲ್ಲಿನ ಒಂದೇ ಎಳೆತಕ್ಕೆ ಎರಡೆರಡು ನುಡಿದುವು. ಬಲವು ಬಂದಿತು, ಅದರೊಡನೆ ನಾದದ ಬಣ್ಣವೂ ಬದಲಾಯಿತು. ಅವರಂತಹ ಕೈಯಿದ್ದುದರಿಂದ ಆ ಬದಲಾವಣೆಯು ಒಂದು ಶೈಲಿಯಾಗಿ ನಿಂತಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿರುವ ಅವರ ಸ್ಮಾರಕ ಸಭಾಭವನದಲ್ಲಿ ಈಗ ನುಡಿಯುವುದು ಬಹುಪಾಲು ಧ್ವನಿವರ್ಧಕಗಳೇ ಎಂಬುದು ಬೇರೆಯ ಮಾತು.

ನಾದಗುಣದ ವಿಷಯದಲ್ಲಿ ನಿಷ್ಕ್ರಿಯಪಕ್ಷದವರ ವಾದವನ್ನು ನ್ಯಾಯವಾಗಿ ಕೇಳಬೇಕು. ಅವರು ಹೇಳುವ ಜೀವವೆಂಬುದು ಬರಿಯ ಭ್ರಮೆಯಲ್ಲ. ನಿಷ್ಕ್ರಿಯ ವಾದ್ಯದಲ್ಲಿ ಸದ್ದಿನ ತಿರುಗುಣಿಯನ್ನು ಸ್ವಲ್ಪ ಇಳಿಸಿದರೆ ಸದ್ದು ಮಾತ್ರ ಇಳಿಯುವುದಿಲ್ಲ; ಸುರುಳಿ, ತಿರುಗುಣಿ, ಕೇಬಲ್ ಇವುಗಳ ಸಂಬಂಧವೇ ಬದಲಾಗಿ ನಾದವು ಮೆತ್ತಗಾಗುತ್ತದೆ. ಒಂಟಿ ಸುರುಳಿಗೆ 2,50,000 ಓಮಿನ, ಜೋಡಿ ಸುರುಳಿಗೆ 5,00,000 ಓಮಿನ ತಿರುಗುಣಿಯನ್ನು ಹಾಕುವ ಸಂಪ್ರದಾಯವೂ ಈ ಉಬ್ಬಿನ ಎತ್ತರವನ್ನು ಹದಗೊಳಿಸುವುದಕ್ಕಾಗಿಯೇ. ಸಕ್ರಿಯಗಳಿಗೆ 25,000 ಓಮ್ ಸಾಕಾಗುತ್ತದೆ. ಅಲ್ಲಿ ತಿರುಗುಣಿಯು ಸದ್ದನ್ನು ಮಾತ್ರ ಇಳಿಸುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ನುಡಿಸುತ್ತ ನುಡಿಸುತ್ತ ಕಿರುಬೆರಳಿನಿಂದ ತಿರುಗುಣಿಯನ್ನಾಡಿಸಿ ನಾದವನ್ನು ತಿದ್ದಿಕೊಳ್ಳುವ ಅಭ್ಯಾಸವುಳ್ಳವನಿಗೆ ಇದು ಕೈಯನ್ನು ಕಟ್ಟಿದಂತೆ ತೋರುವುದು ಸಹಜ. ಫಜ್ ಎಂದು ಕರೆಯುವ ಹಳೆಯ ಮಾದರಿಯ ವಿಕಾರಯಂತ್ರಗಳು ಸುರುಳಿಯ ಪ್ರತಿರೋಧವನ್ನು ತಮ್ಮ ಅಂಗವನ್ನಾಗಿಯೇ ಎಣಿಸಿ ಕಟ್ಟಲ್ಪಟ್ಟವು. ಅವುಗಳ ಮುಂದೆ ಸಕ್ರಿಯ ವಾದ್ಯವನ್ನಿಟ್ಟರೆ ನಿರೀಕ್ಷಿಸಿದ ಮೃದುತ್ವವು ಬರುವುದಿಲ್ಲ. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಇಲ್ಲಿ ಜೀವವೆಂದು ಹೊಗಳಿಸಿಕೊಂಡದ್ದು ಮೇಲೆ ಹೇಳಿದ ಉಪಾಧಿಯೇ ಹೊರತು ಬೇರೆಯಲ್ಲ. ಉಪಾಧಿಯು ಸುಂದರವಾಗಿರಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಸಕ್ರಿಯದ ನಾದವು ಕಠೋರಸಂಗೀತಕ್ಕೆ ಮಾತ್ರ ತಕ್ಕದ್ದೆಂಬ ಪ್ರಸಿದ್ಧಿಯನ್ನು ಮಾತ್ರ ನಾನು ಒಪ್ಪಲಾರೆನು. ಈ ಪ್ರಸಿದ್ಧಿಗೆ ಕಾರಣವೇನೋ ಇದೆ. 2011ನೆಯ ಇಸವಿ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಪಾರ ಜನಸ್ತೋಮದ ಮುಂದೆ ನುಡಿಸಿದ ಮೆಟಾಲಿಕಾ ಎಂಬ ಮೇಳದ ಗಿಟಾರುವಾದಕರಾದ ಹೆಟ್‌ಫೀಲ್ಡ್ ಮತ್ತು ಹ್ಯಾಮೆಟ್ ಇಬ್ಬರೂ ಇಎಂಜಿ ಸಕ್ರಿಯಗಳಿಗೆ ಹೆಸರಾದವರು. ಅವರನ್ನು ನೋಡಿ ಬಂದ ನಮ್ಮ ತರುಣರಿಗೆ ಸಕ್ರಿಯವೆಂದರೆ ಗರ್ಜನೆ ಎಂಬ ಸಂಸ್ಕಾರವು ಮೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ತಯಾರಕರ ಒಂಟಿ ಸುರುಳಿಯ ಮಾದರಿಯ ಸಕ್ರಿಯಗಳನ್ನು ಇಂಗ್ಲೆಂಡಿನ ಡೇವಿಡ್ ಗಿಲ್ಮೋರ್ ತಮ್ಮ ಕೆಂಪು ಗಿಟಾರಿನಲ್ಲಿ ಬಹುವರ್ಷ ಬಳಸಿದರು. ಅವರ ನಾದವು ದೀರ್ಘವಾದುದು, ಶಾಂತವಾದುದು, ಗರ್ಜನೆಯ ಲೇಶವೂ ಇಲ್ಲದುದು. ಮಾರ್ಕ್ ನಾಪ್‌ಫ್ಲರ್ ಎಂಬ, ಬರಿಯ ಬೆರಳುಗಳಿಂದ ಮೀಟುವ ವಾದಕರೂ 1980ರ ದಶಕದಲ್ಲಿ ಸಕ್ರಿಯಗಳಿದ್ದ ವಾದ್ಯವನ್ನು ನುಡಿಸಿದವರೇ. ಒಂದೇ ಸಾಧನವು ಒಬ್ಬರ ಕೈಯಲ್ಲಿ ರೌದ್ರವಾಗಿ ಮತ್ತೊಬ್ಬರ ಕೈಯಲ್ಲಿ ಶಾಂತವಾದರೆ ರಸವು ಸಾಧನದಲ್ಲಿಲ್ಲವೆಂದೇ ಹೇಳಬೇಕು. ಸಕ್ರಿಯದ ನಿಜವಾದ ಮಿತಿ ಬೇರೆಡೆಯಿದೆ. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ವರ್ಧಕವು ಒಂಬತ್ತು ವೋಲ್ಟಿನ ಮಾಡಿನ ಕೆಳಗಿನ ಮನೆ. ಬಲವಾಗಿ ಬಾರಿಸಿದಾಗ ಅಲೆಯ ತಲೆಯು ಮಾಡಿಗೆ ತಗಲಬಹುದು. ಇದಕ್ಕಾಗಿಯೇ ಕೆಲವರು ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಮಾಡನ್ನು ಹದಿನೆಂಟಕ್ಕೆ ಏರಿಸುವರು.

ಬ್ಯಾಟರಿಯ ಖರ್ಚನ್ನು ಕುರಿತು ಹೆದರಬೇಕಾದುದಿಲ್ಲ. ಮೇಲೆ ಹೇಳಿದ 81ನೆಯ ಸಂಖ್ಯೆಯದು 80 ಮೈಕ್ರೋಆಂಪಿಯರ್ ಮಾತ್ರ ಸೇವಿಸುವುದರಿಂದ ಒಂದು ಬ್ಯಾಟರಿಯು 3,000 ಗಂಟೆ ಬರುವುದೆಂದು ತಯಾರಕರ ಲೆಕ್ಕ, ಎರಡಿದ್ದರೆ 1,500. ದಿನಕ್ಕೆ ಎರಡು ಗಂಟೆ ನುಡಿಸುವವನಿಗೆ ಎರಡು ವರ್ಷ. ಆದರೆ ಕೇಬಲ್ಲನ್ನು ಚುಚ್ಚಿದೊಡನೆ ಬ್ಯಾಟರಿಯು ಹರಿಯತೊಡಗುವಂತೆ ಏರ್ಪಾಡಿರುವುದರಿಂದ, ಕೇಬಲ್ಲನ್ನು ಕೀಳದೆ ಮರೆತವನಿಗೆ ಎರಡು ತಿಂಗಳಲ್ಲಿಯೇ ಮುಗಿಯುವುದು.

ಗದ್ದಲದ ವಿಷಯವೊಂದು ನಮ್ಮ ದೇಶದ ಮನೆಗಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ನಮ್ಮಲ್ಲಿ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತಿರುಗುತ್ತದೆ. ಅದರ ಗುಂಯಕಾರವು 50, 100 ಮತ್ತು ಅವುಗಳ ಮೇಲಿನ ಉಪಸ್ವರಗಳಲ್ಲಿ ಕೇಳುತ್ತದೆ. ಸಕ್ರಿಯಗಳು ಗೂಡಿನೊಳಗೆಯೇ ಲೋಹದ ಮರೆಯನ್ನು ಹೊಂದಿ, ಕಡಮೆ ಪ್ರತಿರೋಧದಿಂದ ನಡೆಯುವುದರಿಂದ ಬಹಳ ಮೌನವಾಗಿರುತ್ತವೆ. ನಿಷ್ಕ್ರಿಯ ವಾದ್ಯದಲ್ಲಿ ಗದ್ದಲವನ್ನು ತಗ್ಗಿಸಲು ಉಕ್ಕಿನ ತಂತಿಗಳನ್ನೇ ಭೂಸಂಪರ್ಕದ ತಂತಿಗೆ ಜೋಡಿಸಿರುವರು. ವಾದಕನ ಕೈ ತಂತಿಗೆ ತಗಲಿದೊಡನೆ ಸದ್ದು ಅಡಗುವುದನ್ನು ಎಲ್ಲರೂ ಕೇಳಿರಬಹುದು. ಆದರೆ ಹಳೆಯ ಮನೆಗಳಲ್ಲಿಯೂ ಬಾಡಿಗೆಯ ಕೋಣೆಗಳಲ್ಲಿಯೂ ಗೋಡೆಯ ಮೂರನೆಯ ರಂಧ್ರಕ್ಕೆ ತಂತಿಯನ್ನೇ ಎಳೆಯದೆ ಬಿಟ್ಟಿರುವುದುಂಟು. ಅಂತಹ ಕಡೆ ವರ್ಧಕದಲ್ಲಿ ದೋಷವಿದ್ದರೆ ಗಿಟಾರಿನ ತಂತಿಗಳೇ ವಿದ್ಯುತ್ತನ್ನು ಹೊತ್ತು ನಿಲ್ಲುತ್ತವೆ. ಅದೇ ಸಮಯದಲ್ಲಿ ಬೇರೆ ಯಂತ್ರಕ್ಕೆ ಸೇರಿದ ಮೈಕನ್ನು ಮುಟ್ಟಿದ ಹಾಡುಗಾರನಿಗೆ ಪ್ರಾಣಾಪಾಯವೂ ಉಂಟಾಗಬಹುದು. ಇಎಂಜಿ ಮೊದಲಾದ ಸಕ್ರಿಯಗಳಲ್ಲಿ ತಂತಿಗಳಿಗೆ ಈ ಜೋಡಣೆಯ ಅಗತ್ಯವಿಲ್ಲ. ಆದರೂ ಗಿಟಾರನ್ನು ಬದಲಾಯಿಸುವ ಮೊದಲು ಗೋಡೆಯ ರಂಧ್ರವನ್ನು ಪರೀಕ್ಷಿಸುವುದು ಅಗ್ಗವೂ ಹೌದು, ಅವಶ್ಯವೂ ಹೌದು.

ಈ ವಿಚಾರವು ನಮ್ಮ ವೀಣೆಗೆ ಎಷ್ಟು ಸಲ್ಲುವುದೆಂಬುದು ಇನ್ನುಳಿದ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಪಿಟೀಲು ಮೃದಂಗಗಳ ನಡುವೆ ವೀಣೆಯ ಮೆಲುದನಿಯು ಮುಳುಗಿಹೋಗುವುದನ್ನು ಸಭೆಗಳಲ್ಲಿ ಕೇಳದವರಿಲ್ಲ. ಅದಕ್ಕೆ ವಿದ್ಯುತ್ತಿನ ನೆರವು ಬೇಕೆಂಬಲ್ಲಿ ಈಗ ವಿವಾದವಿಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯವರು ವಿದ್ಯುತ್ ವೀಣೆಯನ್ನೇ ತಯಾರಿಸಿರುವರು. ಸಾಂಪ್ರದಾಯಿಕ ವೀಣೆಗೆ ಯಾವ ಜಾತಿಯ ನಾದಗ್ರಾಹಿಯು ಸಲ್ಲುವುದೆಂಬುದೇ ಇಲ್ಲಿ ವಿಚಾರಣೀಯ.

ಗಿಟಾರಿನ ಅಯಸ್ಕಾಂತ ನಾದಗ್ರಾಹಿಯನ್ನು ವೀಣೆಗೆ ಕಟ್ಟಿದರೆ ಎರಡು ವಿಘ್ನಗಳು ಬರುತ್ತವೆ. ಸಾರಣಿ ಮತ್ತು ಪಂಚಮದ ತಂತಿಗಳು ಉಕ್ಕಿನವು. ಅವು ಚೆನ್ನಾಗಿ ನುಡಿದಾವು. ಮಂದ್ರ ಮತ್ತು ಅನುಮಂದ್ರಗಳಿಗೆ ಹಿತ್ತಾಳೆಯ ತಂತಿಯನ್ನು ಕಟ್ಟುವ ಸಂಪ್ರದಾಯವಿದೆ. ಹಿತ್ತಾಳೆಯು ಅಯಸ್ಕಾಂತಕ್ಕೆ ಓಗೊಡುವ ಲೋಹವಲ್ಲವಾದುದರಿಂದ ಆ ತಂತಿಗಳು ಬಹುಮಟ್ಟಿಗೆ ಮೂಕವಾಗುತ್ತವೆ. ಉಕ್ಕಿನ ನಡುವೆಳೆಯ ಮೇಲೆ ಬೇರೆ ಲೋಹವನ್ನು ಸುತ್ತಿದ ತಂತಿಗಳನ್ನು ಕಟ್ಟಿ ಈ ವಿಘ್ನವನ್ನು ಕಳೆಯಬಹುದು. ಎರಡನೆಯದನ್ನು ಕಳೆಯುವುದು ಕಷ್ಟ. ಸಿ. ವಿ. ರಾಮನ್ನರು 1921ರಲ್ಲಿ ವೀಣೆ ತಂಬೂರಿಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಾಧಾರಣವಾದ ತಂತಿವಾದ್ಯದಲ್ಲಿ, ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುವೆವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ನಾದದಲ್ಲಿ ಇರಕೂಡದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ವೀಣೆಯ ಕುದುರೆಯ ಮೇಲ್ಮೈಯು ಹರಿತವಾದ ಅಂಚಲ್ಲ, ಇಳಿಜಾರಾಗಿ ಬಾಗಿದ ತಗಡು. ತಂತಿಯು ಅದನ್ನು ತಗಲುತ್ತ ಬಿಡುತ್ತ ಕಂಪಿಸುವುದರಿಂದ ಆ ನಿಯಮವು ಭಂಗವಾಗಿ, ಇರಕೂಡದ ಉಪಸ್ವರಗಳೂ ನಾದದಲ್ಲಿ ತುಂಬಿಕೊಳ್ಳುತ್ತವೆಂದು ಅವರು ತೋರಿಸಿದರು. 13ನೆಯ ಶತಮಾನದ ಶಾರ್ಙ್ಗದೇವನು ಸ್ವರಲಕ್ಷಣದಲ್ಲಿ ಹೇಳುವ, 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ವ್ಯಾಖ್ಯಾನಿಸಿದ ಅನುರಣನವು ವೀಣೆಯಲ್ಲಿ ಇಷ್ಟು ಸಮೃದ್ಧವಾಗಿರುವುದಕ್ಕೆ ಇದು ಕಾರಣವೆಂದು ನಾನು ಭಾವಿಸುತ್ತೇನೆ. ಅಯಸ್ಕಾಂತ ನಾದಗ್ರಾಹಿಯಾದರೋ ತಂತಿಯನ್ನು ಒಂದೇ ಬಿಂದುವಿನಲ್ಲಿ ನೋಡತಕ್ಕದ್ದು. ತೆರೆದ ತಂತಿಯ ಕಾಲುಭಾಗದಲ್ಲಿ ಅದನ್ನು ಕೂಡಿಸಿದರೆ ನಾಲ್ಕನೆಯ ಉಪಸ್ವರವು ಅಲ್ಲಿ ನಿಶ್ಚಲ, ಎಂಟನೆಯದೂ ಹಾಗೆಯೇ. ತಂತಿಯಲ್ಲಿ ಅವು ಇದ್ದರೂ ನಾದಗ್ರಾಹಿಗೆ ಕಾಣಿಸವು. ಮೆಟ್ಟಿನಿಂದ ಮೆಟ್ಟಿಗೆ ತಂತಿಯ ಉದ್ದವು ಬದಲಾದಂತೆ ಕಾಣದ ಉಪಸ್ವರವೂ ಬದಲಾಗುತ್ತ ಹೋಗುತ್ತದೆ. ಕುದುರೆಯು ಸೇರಿಸಿದುದನ್ನು ನಾದಗ್ರಾಹಿಯು ಕಳೆದಂತಾಯಿತು.

ಆದುದರಿಂದ ವೀಣೆಗೆ ಕುದುರೆಯ ಬಳಿ ಹಲಗೆಗೆ ಅಂಟಿಸುವ ಸ್ಪರ್ಶಗ್ರಾಹಿಯೇ ಉಚಿತ. ಒತ್ತಿದರೆ ವಿದ್ಯುತ್ತನ್ನು ಕೊಡುವ ಹರಳುಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ಸ್ಪರ್ಶಗ್ರಾಹಿಯು ಅದರಿಂದ ನಡೆಯುತ್ತದೆ. ತಂತಿಯು ಕುದುರೆಯ ಮೇಲೆ ಒತ್ತುವ ಎಲ್ಲ ಉಪಸ್ವರಗಳೂ ಅದಕ್ಕೆ ತಲಪುತ್ತವೆ, ಲೋಹಭೇದವೂ ಅದಕ್ಕಿಲ್ಲ. ಆದರೆ ಹರಳು ಸುರುಳಿಗೆ ತದ್ವಿರುದ್ಧವಾದ ಸ್ವಭಾವದ್ದು. ಸುರುಳಿಯು ಪ್ರೇರಕತ್ವದಿಂದ ನಡೆದರೆ ಇದು ತಾನೇ ಒಂದು ಧಾರಕ. ಸುರುಳಿಯಲ್ಲಿ ಕೇಬಲ್ ನಾದಗುಣವನ್ನು ತಿನ್ನುತ್ತದೆ. ಹರಳಿನಲ್ಲಿ ಕೇಬಲ್ ಬಲವನ್ನು ತಿನ್ನುತ್ತದೆ, ನಾದಗುಣವನ್ನು ತಿನ್ನುವುದು ಮುಂದಿನ ಯಂತ್ರದ ಪ್ರತಿರೋಧ. ಹರಳಿನ ಧಾರಕತ್ವವು 1,000 ಪಿಕೋಫ್ಯಾರಡ್ ಆಗಿದ್ದರೆ, 10 ಮೀಟರ್ ಕೇಬಲ್ ಅದರ ಬಲವನ್ನು ಅರ್ಧಕ್ಕಿಳಿಸುತ್ತದೆ. ಅದನ್ನು ಸಭೆಯ ಮಿಶ್ರಣಯಂತ್ರದ 10,000 ಓಮಿನ ಬಾಗಿಲಿಗೆ ನೇರವಾಗಿ ಚುಚ್ಚಿದರೆ, ಕೇಬಲ್ಲನ್ನೂ ಸೇರಿಸಿ ಲೆಕ್ಕಹಾಕಿದಾಗ, ಸುಮಾರು 8,000 ಹರ್ಟ್ಸ್ ಕೆಳಗಿನದೆಲ್ಲ ಇಳಿಜಾರಿಗೆ ಬೀಳುತ್ತದೆ. ಸಾರಣಿಯನ್ನು 160ಕ್ಕೆ ಶ್ರುತಿಮಾಡಿದ ವೀಣೆಯಲ್ಲಿ ಪಂಚಮವು 120, ಮಂದ್ರವು 80, ಅನುಮಂದ್ರವು 60. ಇವುಗಳ ಗತಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ವೀಣೆಗೆ ಸ್ಪರ್ಶಗ್ರಾಹಿಯನ್ನು ಹಾಕಿದರೆ ತಗಡು ಬಡಿದಂತೆ ಕೇಳುವುದೆಂದು ವಿದ್ವಾಂಸರು ಬೇಸರಪಟ್ಟುಕೊಳ್ಳುವ ಸಂದರ್ಭಗಳಲ್ಲಿ ದೋಷವು ಅನೇಕ ವೇಳೆ ಇಲ್ಲಿಯದೇ. ವೀಣೆಗೂ ಕೇಬಲ್ಲಿಗೂ ನಡುವೆ 10 ಮೆಗಾಓಮಿನ ಬಾಗಿಲುಳ್ಳ ಪುಟ್ಟ ವರ್ಧಕವನ್ನಿಟ್ಟರೆ ಅದೇ ಇಳಿಜಾರು 16 ಹರ್ಟ್ಸಿಗೆ ಸರಿದು ಅನುಮಂದ್ರದ ಕೆಳಗೆ ಬಹುದೂರ ಹೋಗುತ್ತದೆ. ಬಲವೂ ಅರ್ಧವಾಗದೆ ಉಳಿಯುತ್ತದೆ.

ಗಿಟಾರಿನಲ್ಲಿ ಸಕ್ರಿಯವು ರುಚಿಯ ಪ್ರಶ್ನೆ. ಹರಳನ್ನು ಹೊತ್ತ ವೀಣೆಯಲ್ಲಿ ಅದು ಅನ್ನದ ಪ್ರಶ್ನೆ. ಈ ವರ್ಧಕವನ್ನು ವೇದಿಕೆಯ ಆಚೆ ಯಂತ್ರದವನ ಮೇಜಿನ ಮೇಲಿಟ್ಟರೆ ಕೇಬಲ್ಲಿನ ನಷ್ಟವು ಆಗಲೇ ಆಗಿಹೋಗಿರುತ್ತದೆ. ಅದು ಕೊಡದ ಮಗ್ಗುಲಲ್ಲಿ, ಸ್ಪರ್ಶಗ್ರಾಹಿಯಿಂದ ಒಂದು ಮೊಳಕ್ಕಿಂತ ಹೆಚ್ಚು ತಂತಿಯಿಲ್ಲದಂತೆ ಇರತಕ್ಕದ್ದು.